ಹಿಟ್ಟಿನ ಕೋಳಿಯ ಲೆಕ್ಕ

'ಕರ್ಮ' ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಬಂದುಹೋಗುತ್ತದೋ ಲೆಕ್ಕವಿಟ್ಟವರಿಲ್ಲ. ಹಾಲು ಉಕ್ಕಿ ಚೆಲ್ಲಿದರೆ 'ನನ್ನ ಕರ್ಮ'. ಪಕ್ಕದ ಮನೆಯವಳು ಗಂಡನ ಕೈಲಿ ಏಟು ತಿಂದರೆ 'ಪಡೆದುಕೊಂಡು ಬಂದದ್ದು, ಯಾರೇನು ಮಾಡಲಾಗುತ್ತೆ?' ಭಾರ ಎಳೆಯಲಾರದ ಎತ್ತಿನ ಬೆನ್ನಿಗೆ ಬಾರುಕೋಲು ಬಿದ್ದರೆ 'ಯಾವ ಜನ್ಮದ ಪಾಪವೋ, ಮೂಕಪ್ರಾಣಿ' ಎಂದು ನಿಟ್ಟುಸಿರಿಟ್ಟು ಮುಂದೆ ನಡೆಯುತ್ತೇವೆ. ಕರ್ಮವೆಂದರೆ ಮಾಡುವ ಕೆಲಸ. ಆ ಅರ್ಥವನ್ನು ಮರೆತು ಬಂದೊದಗುವ ಕಷ್ಟಕ್ಕೆಲ್ಲ ಅದೇ ಹೆಸರಿಟ್ಟಿದ್ದೇವೆ. ನಮ್ಮ ಹಿಂದಿನವರೂ ಹೀಗೆಯೇ ತಿಳಿದಿದ್ದರೇ ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಜನ್ನನ 'ಯಶೋಧರ ಚರಿತೆ'.

ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಂದ 'ಕವಿಚಕ್ರವರ್ತಿ' ಎಂಬ ಬಿರುದು ಪಡೆದ ಜನ್ನ ಈ ಕಾವ್ಯವನ್ನು ಬರೆದದ್ದು 1209ರಲ್ಲಿ. ಕಥೆ ಅವನಿಗಿಂತ ಹಳೆಯದು. ಸೋಮದೇವಸೂರಿ 959ರಲ್ಲೇ ಸಂಸ್ಕೃತದಲ್ಲಿ 'ಯಶಸ್ತಿಲಕ ಚಂಪೂ' ರಚಿಸಿದ್ದ. ಆಮೇಲೆ ವಾದಿರಾಜನೂ ಇದೇ ಕಥೆಯನ್ನು ಹೇಳಿದ. ಎಂದರೆ ಈ ಪ್ರಶ್ನೆ ನಮ್ಮ ನಾಡಿನ ಜೈನ ಕವಿಗಳನ್ನು ಶತಮಾನಗಳ ಕಾಲ ಕಾಡಿದೆ.

ಉಜ್ಜಯಿನಿಯ ರಾಜ ಯಶೋಧರ. ರಾಣಿ ಅಮೃತಮತಿ ಮಾವುತನೊಬ್ಬನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ. ಆ ಸಂಕಟವನ್ನು ಬಾಯಿಬಿಟ್ಟು ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ತಾಯಿಗೆ ತಿಳಿಸಿದ. ತಾಯಿ ಚಂದ್ರಮತಿ, ದೇವಿಗೆ ಬಲಿ ಕೊಟ್ಟರೆ ಕೇಡು ಕಳೆಯುತ್ತದೆ ಎಂದಳು. ಮಗ ಒಪ್ಪಲಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂದಳು. ತಾಯಿಯ ಮಾತು ಮೀರಲಾರದೆ ಅವನು ಕತ್ತಿ ಎತ್ತಿದ. ಕತ್ತರಿಸಿದಾಗ ಹಿಟ್ಟಿನ ಕೋಳಿ ಕೂಗಿತು! ಆಮೇಲೆ ಅಮೃತಮತಿ ವಿಷವಿಕ್ಕಿ ತಾಯಿ ಮಗ ಇಬ್ಬರನ್ನೂ ಕೊಂದಳು. ಅಲ್ಲಿಂದ ಅವರಿಗೆ ಪ್ರಾಣಿಜನ್ಮಗಳ ಸಾಲು. ಮಗ ನವಿಲಾದ, ತಾಯಿ ನಾಯಿಯಾದಳು. ನಾಯಿ ನವಿಲನ್ನು ಕೊಂದಿತು. ಮೀನಾದರು, ಮೊಸಳೆಯಾದರು, ಆಡಾದರು, ಕೋಣವಾದರು, ಕೊನೆಗೆ ಕೋಳಿಗಳಾದರು. ಈ ಕಥೆಯ ಪರಂಪರೆಯಲ್ಲಿ ಎದೆ ನಡುಗಿಸುವ ಒಂದು ಸಂಗತಿ ಬರುತ್ತದೆ: ಯಶೋಧರನ ಶ್ರಾದ್ಧದ ಅಡುಗೆಗೆಂದು ಹಿಡಿದು ತಂದ ಮೀನು ಯಶೋಧರನೇ.

ಪಾಠ ಮಾಡುವಾಗ ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಅವರು ಕತ್ತರಿಸಿದ್ದು ಹಿಟ್ಟು ತಾನೇ? ಯಾರಿಗೂ ನೋವಾಗಲಿಲ್ಲವಲ್ಲ?" ಎಂದಳು. ಅವಳ ಪಕ್ಕದವಳು ಇನ್ನೂ ಮುಂದೆ ಹೋದಳು: "ಅಜ್ಜಿ ಕತ್ತಿಯನ್ನು ಮುಟ್ಟಲೂ ಇಲ್ಲ. ಬರೀ ಹೇಳಿದ್ದಕ್ಕೆ ಅಷ್ಟೊಂದು ಜನ್ಮವೇ?"

ಎರಡೂ ಒಳ್ಳೆಯ ಪ್ರಶ್ನೆಗಳು. ಜೈನರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ನೋಡುತ್ತಾರೆ. ಮೊದಲನೆಯದು ದೇಹಕ್ಕೆ ಆಗುವ ಗಾಯ, ಎರಡನೆಯದು ಮನಸ್ಸಿನೊಳಗಿನ ಕೊಲ್ಲುವ ಸಂಕಲ್ಪ. ಹಿಟ್ಟಿಗೆ ನೋವಿಲ್ಲ, ನಿಜ. ಆದರೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಅದು ಹಿಟ್ಟಾಗಿರಲಿಲ್ಲ, ಕೋಳಿಯೇ ಆಗಿತ್ತು. ಇನ್ನು ಅಜ್ಜಿಯ ವಿಷಯ. ಕೃತ, ಕಾರಿತ, ಅನುಮೋದಿತ, ಅಂದರೆ ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು, ಈ ಮೂರೂ ಹೊಣೆಯೇ. ನಮ್ಮಂಥ ಗೃಹಿಣಿಯರು ಇಲ್ಲಿ ಸ್ವಲ್ಪ ನಿಲ್ಲಬೇಕು. 'ನಾನೇನು ಮಾಡಿದೆ? ಮಗನಿಗೆ ಒಂದು ಮಾತು ಹೇಳಿದೆ ಅಷ್ಟೆ' ಎನ್ನುವ ಅತ್ತೆಯರೂ ತಾಯಂದಿರೂ ಎಷ್ಟಿಲ್ಲ! ವರದಕ್ಷಿಣೆಯ ಮಾತು ಅಡುಗೆಮನೆಯಿಂದಲೇ ಹೊರಟು ಪಡಸಾಲೆಗೆ ಬರುವುದುಂಟು.

ಹಿಟ್ಟಿನ ಪ್ರಾಣಿಯನ್ನು ಎಲ್ಲರೂ ಜನ್ನನ ಕಣ್ಣಿನಿಂದಲೇ ನೋಡಲಿಲ್ಲ. ಅದೇ ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರ ಪರಂಪರೆ, ಯಜ್ಞಕ್ಕೆ ಜೀವಂತ ಪಶು ಬೇಡ, ಪಿಷ್ಟಪಶು ಸಾಕು ಎಂದಿತು. ಅವರು ಉಳಿದ ಆಡನ್ನು ನೋಡಿದರು. ಜನ್ನ ಉಳಿದುಕೊಂಡ ಸಂಕಲ್ಪವನ್ನು ನೋಡಿದ. ನನಗೆ ಇಬ್ಬರ ಮಾತೂ ಬೇಕೆನಿಸುತ್ತದೆ. ಜೀವ ಉಳಿಯುವುದು ಸಣ್ಣ ಸಂಗತಿಯಲ್ಲ, ಆದರೆ ಅಷ್ಟಕ್ಕೇ ಮನಸ್ಸು ಶುದ್ಧವಾಯಿತೆಂದು ತಿಳಿಯಬಾರದು. 1959ರಲ್ಲಿ ಆಗಿನ ಮೈಸೂರು ರಾಜ್ಯ ಪ್ರಾಣಿಬಲಿ ತಡೆಯುವ ಕಾಯ್ದೆ ತಂದಿತು. ಕಾಯ್ದೆ ಕತ್ತಿಯನ್ನು ತಡೆಯಬಲ್ಲದು, ಮನಸ್ಸಿನ ಕೆಲಸ ನಮ್ಮದೇ. ಗಿರೀಶ ಕಾರ್ನಾಡರು ಇದೇ ಕಥೆಯಿಂದ 'ಹಿಟ್ಟಿನ ಹುಂಜ' ನಾಟಕ ಬರೆದದ್ದೂ ಈ ಪ್ರಶ್ನೆ ಇನ್ನೂ ಹಳತಾಗಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಪ್ರಾಣಿಗಳಿಗೆ ಹೊಣೆಯಿಲ್ಲವೇ? ನವಿಲನ್ನು ಕೊಂದ ನಾಯಿ ತಪ್ಪಿತಸ್ಥನೇ? ಹಸಿವಿನಿಂದ ಬೇಟೆಯಾಡುವ ಪ್ರಾಣಿಯನ್ನೂ ಯೋಚಿಸಿ ಕೊಲ್ಲುವ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೂ ಜೈನ ಪುರಾಣಗಳು ಪ್ರಾಣಿಗಳನ್ನು ಬರಿಯ ಜಡವೆಂದು ತಳ್ಳಿಹಾಕುವುದಿಲ್ಲ. ಮಹಾವೀರನ ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದ ಜೀವ ಮುನಿಗಳ ಮಾತು ಕೇಳಿ ವ್ರತ ಹಿಡಿಯಿತಂತೆ. ನಮ್ಮ ಕಥೆಯ ಕೋಳಿಗಳೂ ಮುನಿಯ ಉಪದೇಶ ಕೇಳಿ, ಹಿಂದಿನ ಜನ್ಮಗಳನ್ನು ನೆನೆದು, ಸಂತೋಷದಿಂದ ಕೂಗಿದವು. ಶಬ್ದ ಕೇಳಿಯೇ ಗುರಿಯಿಡಬಲ್ಲೆನೆಂದು ರಾಣಿಗೆ ತೋರಿಸಲು ರಾಜ ಯಶೋಮತಿ ಬಾಣ ಬಿಟ್ಟ. ಸತ್ತದ್ದು ಅವನ ತಂದೆ ಮತ್ತು ಅಜ್ಜಿ. ಆ ಗಳಿಗೆಯಲ್ಲಿ ತಿಳಿವಳಿಕೆ ಇದ್ದದ್ದು ಕೋಳಿಗಳಲ್ಲಿ, ಬಿಲ್ಲು ಹಿಡಿದ ಮನುಷ್ಯನಲ್ಲಲ್ಲ.

ಏಟು ತಿನ್ನುವ ಎತ್ತಿನ ಹಿಂದಿನ ಜನ್ಮ ನಮಗೆ ಗೊತ್ತಿಲ್ಲ, ಪಕ್ಕದ ಮನೆಯವಳದ್ದೂ ಗೊತ್ತಿಲ್ಲ. ಅದು ಅವರ ಕರ್ಮವೆಂದೇ ಇಟ್ಟುಕೊಂಡರೂ, ಬಾರುಕೋಲು ಬೀಸಿದ್ದು ಬೀಸಿದವನ ಕರ್ಮ. ನೋಡಿ ಸುಮ್ಮನಿದ್ದದ್ದು ನಮ್ಮದು. ಆ ಕೋಳಿಗಳೇ ಮುಂದೆ ಯಶೋಮತಿಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟಿದರು. ಮಾರಿದತ್ತನೆಂಬ ರಾಜ ಅವರನ್ನು ಚಂಡಮಾರಿಗೆ ಬಲಿಕೊಡಲು ನಿಂತಾಗ ಈ ಕಥೆಯನ್ನೆಲ್ಲ ಹೇಳಿದವರು ಅವರೇ. 'ಇದು ನಿಮ್ಮ ಹಣೆಬರಹ, ನಾನೇನು ಮಾಡಲಿ?' ಎಂದು ಮಾರಿದತ್ತ ಹೇಳಬಹುದಿತ್ತು. ಹೇಳಲಿಲ್ಲ. ಬಲಿಯನ್ನು ನಿಲ್ಲಿಸಿದ.