ಹಲಸೂರಿನ ಸೈನಿಕ ಟೋಪಿಗಳ ಕಾಲನಿರ್ಣಯ

ಹಳೆಯ ಸೈನಿಕ ಟೋಪಿಯೊಂದು ದೊರೆತಾಗ ಸಂಗ್ರಾಹಕರು ಬಟ್ಟೆಯ ಮಾಸಿದ ಬಣ್ಣವನ್ನು ನೋಡಿಯೇ ಅದರ ವಯಸ್ಸನ್ನು ಹೇಳಿಬಿಡುವುದುಂಟು. ಬಿಸಿಲೂ ಒಗೆತವೂ ಹತ್ತು ವರ್ಷದ ಬಟ್ಟೆಯನ್ನು ಐವತ್ತು ವರ್ಷದ್ದೆಂಬಂತೆ ತೋರಿಸಬಲ್ಲವಾದ್ದರಿಂದ ಈ ಕ್ರಮವನ್ನು ನಾವು ಒಪ್ಪಲಾರೆವು. ಲಾಂಛನದಲ್ಲಿ ದಳದ ಹೆಸರಿದ್ದರೆ ಅದೇ ಹೆಚ್ಚು ನಂಬತಕ್ಕ ಸಾಕ್ಷಿ.

1834ರಿಂದ ಬೆಂಗಳೂರಿನಲ್ಲಿ ನೆಲೆಸಿ, ಹಲಸೂರು ಕೆರೆಯ ಬಳಿ ಇಂದಿಗೂ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ದಳವನ್ನೇ ನೋಡಬಹುದು. 1876ರಲ್ಲಿ ಅದಕ್ಕೆ 'ಕ್ವೀನ್ಸ್ ಓನ್' ಎಂಬ ಬಿರುದು ಬಂದಿತು. 1903ರಲ್ಲಿ ಹೆಸರಿಗೆ 'ಎರಡನೆಯ' ಎಂಬ ಸಂಖ್ಯೆ ಸೇರಿ 'ಮದ್ರಾಸ್' ಬಿಟ್ಟುಹೋಯಿತು. 1911ರಲ್ಲಿ ಬಿರುದು 'ಕ್ವೀನ್ ವಿಕ್ಟೋರಿಯಾಸ್ ಓನ್' ಎಂದಾಯಿತು. 1923ರಲ್ಲಿ ಸಂಖ್ಯೆ ಹೋಗಿ 'ಮದ್ರಾಸ್' ಮರಳಿತು. ಆದುದರಿಂದ ಸಂಖ್ಯೆಯೂ ವಿಕ್ಟೋರಿಯಾ ರಾಣಿಯ ಹೆಸರೂ ಕೂಡಿರುವ ಲಾಂಛನವು 1911–1923ರ ನಡುವಣದು. ಕಿರೀಟದ ಸ್ಥಾನದಲ್ಲಿ ಅಶೋಕಸ್ತಂಭದ ಸಿಂಹಗಳಿದ್ದರೆ ಅದು ಗಣರಾಜ್ಯದ ಕಾಲದ್ದು.

ಇಷ್ಟಾದರೂ ತಿಳಿದುದು ಲಾಂಛನದ ಕಾಲವೇ ಹೊರತು ಟೋಪಿಯದಲ್ಲ. ಲೋಹದ ಬಿಲ್ಲೆಯನ್ನು ಕಳಚಿ ಬೇರೊಂದಕ್ಕೆ ಸಿಕ್ಕಿಸುವುದು ಸುಲಭ. ಮಾರುವವರಿಗೆ ಲಾಭದಾಯಕವೂ ಹೌದು. ಬಟ್ಟೆಯ ಹಳೆಯ ತೂತುಗಳು ಬಿಲ್ಲೆಯ ಕೊಂಡಿಗಳಿಗೆ ಹೊಂದುತ್ತವೆಯೇ, ಬಿಲ್ಲೆಯ ಅಡಿಯ ಬಣ್ಣವು ಸುತ್ತಲಿಗಿಂತ ಗಾಢವಾಗಿ ಉಳಿದಿದೆಯೇ ಎಂದು ಪರೀಕ್ಷಿಸಬೇಕು.

ಶತ್ರುವಿನ ಕಣ್ಣು ತಪ್ಪಿಸುವ ಮರೆಬಣ್ಣದ ಟೋಪಿಗಳಲ್ಲಿ ಹೊಳೆಯುವ ಬಿಲ್ಲೆ ಇಲ್ಲದಿರುವುದೇ ಹೆಚ್ಚು. ಒಳಗಿನ ಮುದ್ರೆಯೂ ಅಳಿಸಿದ್ದರೆ ಬಣ್ಣದ ಬಗೆಯೊಂದೇ ಆಧಾರ. ಎರಡನೆಯ ಮಹಾಯುದ್ಧದಲ್ಲಿ, ಬರ್ಮಾದ ಕಾಡುಗಳಲ್ಲಿ, ಖಾಕಿಯ ಬದಲಿಗೆ ಕಾಡುಹಸುರು ಬಂದಿತು. ಚಿಕ್ಕ ಚೌಕಗಳಿಂದ ಕೂಡಿದ ಭಾರತೀಯ ಸೇನೆಯ ಹೊಸ ವಿನ್ಯಾಸವು ಬಹಿರಂಗವಾದುದು 2022ರ ಜನವರಿ 15ರಂದು. ಆ ವಿನ್ಯಾಸದ ಟೋಪಿಯನ್ನು ಕಾರ್ಗಿಲ್ ಯುದ್ಧದ್ದೆಂದು ಯಾರಾದರೂ ತಂದರೆ ಬೇರೆ ಪರೀಕ್ಷೆ ಬೇಕಾಗದು.