ಪ್ರಭುಭೋಜನವೂ ಕ್ಷಮೆಯೂ

ಹಗೆಯವನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತರೆ ತುತ್ತು ಗಂಟಲಲ್ಲಿ ಇಳಿಯದೆಂಬುದನ್ನು ನೀವು ಬಲ್ಲಿರಿ. ಯೇಸುವಿನ ಕಡೆಯ ಊಟದ ಸ್ಮರಣೆಗಾಗಿ ಕ್ರೈಸ್ತರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಪ್ರಭುಭೋಜನದಲ್ಲಿ ಈ ಅನುಭವವೇ ಒಂದು ವಿಧಿಯಾಗಿ ನಿಂತಿದೆ.

ಕ್ರೈಸ್ತ ಸಭೆಯ ಅತಿ ಪ್ರಾಚೀನ ಗ್ರಂಥಗಳಲ್ಲಿ ‘ದಿದಖೆ’ ಎಂಬ ಗ್ರೀಕ್ ಕೈಪಿಡಿಯೂ ಒಂದು. ಬಹುಕಾಲ ಮರೆಯಾಗಿದ್ದ ಇದರ ಹಸ್ತಪ್ರತಿಯು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ದೊರೆತು, 1883ರಲ್ಲಿ ಅಚ್ಚಾಯಿತು. ಜೊತೆಗಾರನೊಡನೆ ಕಲಹವುಳ್ಳವನು ರಾಜಿಯಾಗುವ ತನಕ ಕೂಟಕ್ಕೆ ಸೇರಬಾರದು. ಸೇರಿದರೆ ಎಲ್ಲರ ಅರ್ಪಣೆಗೂ ಮೈಲಿಗೆ ತಟ್ಟುವುದೆಂದು ಅದರ ಕಟ್ಟಳೆ.

ಇಲ್ಲಿ ನಿಮಗೊಂದು ಸಂದೇಹ ಬಾರದಿರದು. ಒಬ್ಬನು ಮನ್ನಿಸಲು ಒಪ್ಪಿ, ಇನ್ನೊಬ್ಬನು ಹಟ ಹಿಡಿದರೆ ಗತಿಯೇನು? ಒಪ್ಪಿದವನೂ ಹೊರಗೇ ನಿಲ್ಲಬೇಕೆ?

ಶತಮಾನಗಳು ಉರುಳಿದ ಮೇಲೆ ಇಂಗ್ಲೆಂಡಿನ ಸಭೆ ಈ ತೊಡಕನ್ನು ಬಿಡಿಸಿತು. 1549ರ ಅದರ ಸಾಮಾನ್ಯ ಪ್ರಾರ್ಥನಾ ಪುಸ್ತಕವು, ಪರಸ್ಪರ ದ್ವೇಷವುಳ್ಳವರನ್ನು ಅವರು ಒಂದಾಗುವವರೆಗೆ ಪಂಕ್ತಿಗೆ ಸೇರಿಸಬೇಡವೆಂದು ಪಾದ್ರಿಗೆ ಅಪ್ಪಣೆ ಮಾಡಿತು. ಆದರೆ ಒಬ್ಬನು ಎದುರಾಳಿಯ ತಪ್ಪನ್ನು ಮನಸಾರೆ ಕ್ಷಮಿಸಿ, ತಾನು ಮಾಡಿದ ತಪ್ಪನ್ನು ಸರಿಪಡಿಸಲು ಸಿದ್ಧನಾದರೆ, ಅವನನ್ನು ಸೇರಿಸಬೇಕು. ಹಟಮಾರಿಯನ್ನು ಮಾತ್ರ ತಡೆಯಬೇಕು ಎಂದೂ ವಿಧಿಸಿತು. 1662ರ ಪರಿಷ್ಕೃತ ಪುಸ್ತಕವೂ ಈ ನಿಯಮವನ್ನು ಉಳಿಸಿಕೊಂಡಿತು.

ಇದರ ಮರ್ಮವನ್ನು ನೋಡಿರಿ. ಕ್ಷಮಿಸಿದವನೂ ತನ್ನ ಪಾಲಿನ ಸಾಲವನ್ನು ತೀರಿಸಬೇಕು. ಬರಿಯ ಔದಾರ್ಯ ಸಾಲದು. ಆದರೆ ಎದುರಾಳಿಯ ಮೊಂಡುತನಕ್ಕೆ ಅವನು ಹೊಣೆಯಲ್ಲ. ತನ್ನ ಕೈಲಾದುದನ್ನು ಮಾಡಿ ಬಂದವನಿಗೆ ಆ ಪಂಕ್ತಿಯಲ್ಲಿ ಎಡೆಯುಂಟು.