ಇಂಚು, ಸೆಂಟು, ಮಿಲಿಮೀಟರ್

“ನಿಮ್ಮಲ್ಲಿ ಎಷ್ಟಾಯ್ತು ಅಕ್ಕಾ?” ಮಳೆಗಾಲದಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಫೋನಿನಲ್ಲಿ ಈ ಮಾತು ಕೇಳದ ದಿನವಿಲ್ಲ. ಏನು ಎಷ್ಟಾಯ್ತು ಎಂದು ಬಾಳೆಹೊನ್ನೂರು ಸುತ್ತಿನ ತೋಟದವರು ಯಾರೂ ಮರಳಿ ಕೇಳುವುದಿಲ್ಲ. “ಎರಡು ಇಂಚು ನಲವತ್ತು ಸೆಂಟು” ಎನ್ನುತ್ತೇನೆ. ಇಂಚಿಗೆ ನೂರು ಸೆಂಟು. ಸರ್ಕಾರದ ಲೆಕ್ಕ ಮಿಲಿಮೀಟರಿಗೆ ಹೋಗಿ ಅರವತ್ತು ವರ್ಷ ದಾಟಿದೆ. ನಮ್ಮ ಬಾಯಲ್ಲಿ ಮಳೆ ಈಗಲೂ ಇಂಚಿನಲ್ಲೇ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1984ರಲ್ಲಿ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮಾವನವರು ಕಂಬಳಿಕೊಪ್ಪೆ ಹಾಕಿಕೊಂಡು ಕಾಫಿ ಕಣದ ಮೂಲೆಗೆ ಹೋಗುತ್ತಿದ್ದರು. ಅಲ್ಲಿ ಐದಿಂಚು ಬಾಯಿಯ ಲೋಹದ ಮಳೆಮಾಪಕ ಇತ್ತು. ನೆಲದಿಂದ ಬಾಯಿಯ ಅಂಚು ಒಂದಡಿ ಎತ್ತರ, ಒಳಗೆ ಆಲಿಕೆ, ಆಲಿಕೆಯ ಕೆಳಗೆ ಶೀಶೆ. ಶೀಶೆಯ ನೀರನ್ನು ಗೀರು ಹಾಕಿದ ಗಾಜಿನ ಅಳತೆಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವರು. ಲೋಟಕ್ಕೆ ಹಿಡಿಯುವುದು ಅರ್ಧ ಇಂಚು ಮಳೆ ಮಾತ್ರ. ಆರಿದ್ರೆ, ಪುನರ್ವಸುವಿನಲ್ಲಿ ಏಳು ಇಂಚು ಸುರಿದ ದಿನ ಹದಿನಾಲ್ಕು ಸಲ ತುಂಬಿ ಚೆಲ್ಲಬೇಕು. ಲೆಕ್ಕ ತಪ್ಪಬಾರದೆಂದು ಲೋಟಕ್ಕೊಂದರಂತೆ ಕಾಫಿ ಬೀಜವನ್ನು ಕಟ್ಟೆಯ ಮೇಲೆ ಇಡುತ್ತಿದ್ದರು. ಜೋರು ಮಳೆಯ ರಾತ್ರಿ ಶೀಶೆ ತುಂಬಿ ಹೊರಗಿನ ಡಬ್ಬಿಗೂ ನೀರು ಇಳಿಯುತ್ತಿತ್ತು. ಅದನ್ನೂ ಅಳೆದು ಸೇರಿಸಿದ ಮೇಲೇ ಅವರು ತಿಂಡಿಗೆ ಕೂರುತ್ತಿದ್ದದ್ದು.

ಈ ಮಾದರಿಗೆ ಸೈಮನ್ಸ್ ಮಾಪಕ ಎಂದು ಹೆಸರು. ಜಾರ್ಜ್ ಜೇಮ್ಸ್ ಸೈಮನ್ಸ್ ಲಂಡನ್ನಿನವನು. 1860ರಲ್ಲಿ ಬ್ರಿಟನ್ನಿನ 168 ಕಡೆಯ ಮಳೆಲೆಕ್ಕ ಒಟ್ಟುಮಾಡಲು ತೊಡಗಿದ. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವು ಮೂರು ಸಾವಿರ ದಾಟಿದ್ದವು. ಹೆಚ್ಚಿನವು ಪಾದ್ರಿಗಳು, ವೈದ್ಯರು, ಜಮೀನುದಾರರು ತಮ್ಮ ಮನೆಯಂಗಳದಲ್ಲಿ ಸಂಬಳವಿಲ್ಲದೆ ಬರೆದಿಟ್ಟ ಲೆಕ್ಕಗಳು. ಮಲೆನಾಡಿಗೆ ಬಂದ ಬಿಳಿಯ ತೋಟಗಾರರು ಕಾಫಿಯ ಜೊತೆ ಮಳೆ ಪುಸ್ತಕದ ರೂಢಿಯನ್ನೂ ತಂದರು. ಅವರಿಂದ ಅದು ನಮ್ಮವರ ಕೈಗೆ ಬಂತು.

ಮಳೆ ಅಳೆಯುವುದನ್ನು ಅವರೇ ಕಲಿಸಿದರು ಎಂದು ಮಾತ್ರ ನಾನು ಒಪ್ಪುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ, ಎಂದರೆ ಒಂದು ಮೊಳ ಅಗಲದ ಬಾಯಿಯ ಪಾತ್ರೆ ಇಡಬೇಕೆಂದು ಹೇಳಿದೆ. ಅಶ್ಮಕ ದೇಶಕ್ಕೆ ಹದಿಮೂರೂವರೆ ದ್ರೋಣ, ಅವಂತಿಗೆ ಇಪ್ಪತ್ತಮೂರು ಎಂದು ಸೀಮೆವಾರು ಲೆಕ್ಕವೂ ಇದೆ. ಬಿತ್ತನೆ ನಿರ್ಧಾರವಾಗುತ್ತಿದ್ದದ್ದು ಇದರ ಮೇಲೆ. ಕಾಣೆಯಾಗಿತ್ತೆಂದೇ ತಿಳಿದಿದ್ದ ಆ ಗ್ರಂಥದ ಓಲೆಗರಿ 1905ರಲ್ಲಿ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲೇ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮೈಸೂರು ಸೀಮೆಗೆ ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಬಂತು. ಮಳೆಯ ಲೆಕ್ಕ ಎಂಥ ವಿಷಯ ಎಂದು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಕಾಫಿಯವರಿಗೆ ಜುಲೈನ ಏಳು ಇಂಚಿಗಿಂತ ಮಾರ್ಚಿನ ಎಪ್ಪತ್ತು ಸೆಂಟು ದೊಡ್ಡದು. ಹೂಮಳೆ ಹತ್ತಿರ ಹತ್ತಿರ ಒಂದು ಇಂಚಾದರೂ ಬರಬೇಕು. ಬಂದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಬಂದರೆ ಮೊಗ್ಗು ಅರಳದೆ ಕಮರುತ್ತದೆ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ಆ ಬೆಳಿಗ್ಗೆ ಹೇಳುವುದು ಅಳತೆಲೋಟವೇ.

ಆ ಲೋಟ ಒಮ್ಮೆ ನನ್ನ ಕೈಯಿಂದಲೇ ಜಾರಿ ಒಡೆಯಿತು. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಪೇಟೆಯ ಅಂಗಡಿಯಲ್ಲಿ ಮಿಲಿಮೀಟರಿನ ಲೋಟ ಕೊಟ್ಟರು. ಆ ವರ್ಷವಿಡೀ ನಮ್ಮ ತೋಟದ ಮಳೆ ಅಕ್ಕಪಕ್ಕದವರಿಗಿಂತ ಕಡಿಮೆ ಬಂತು. ಕೊನೆಗೆ ಲೋಟದ ತಳ ನೋಡಿದರೆ ಅದು 200 ಚದರ ಸೆಂಟಿಮೀಟರ್ ಬಾಯಿಯ ಹೊಸ ಫೈಬರ್ ಮಾಪಕದ್ದು. ನಮ್ಮ ಐದಿಂಚು ಬಾಯಿಯ ವಿಸ್ತೀರ್ಣ 127 ಚದರ ಸೆಂಟಿಮೀಟರ್ ಕೂಡ ತುಂಬುವುದಿಲ್ಲ. ಹತ್ತು ಮಿಲಿಮೀಟರ್ ಬಿದ್ದರೂ ಲೋಟದಲ್ಲಿ ಕಾಣುತ್ತಿದ್ದದ್ದು ಆರು ಚಿಲ್ಲರೆ. ಒಂದು ಇಡೀ ದಿನ ಕೂತು, ಪ್ರತಿ ಅಂಕಿಯನ್ನು 1.58ರಿಂದ ಗುಣಿಸಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಹಳೆಯ ಅಂಕಿ ಅಳಿಸಲಿಲ್ಲ. ಅಳಿಸಬಾರದು.

ಈಗ ಬೆಂಗಳೂರಿನಲ್ಲಿರುವ ಮಗ ವೈಫೈ ಹವಾಮಾನ ಯಂತ್ರ ತಂದು ಹಾಕಿದ್ದಾನೆ. ಮಳೆ, ಗಾಳಿ, ತಂಪು, ತೇವ ಎಲ್ಲ ಅವನ ಮೊಬೈಲಿಗೆ ಹೋಗುತ್ತದೆ. ಅದರೊಳಗೆ ಏತದಂತೆ ತೂಗುವ ಪುಟ್ಟ ಜೋಡಿ ಬಟ್ಟಲು. ಒಂದು ಬಟ್ಟಲು ತುಂಬಿ ಮಗುಚಿದರೆ ಒಂದು ಎಣಿಕೆ. ಮಳೆ ಯಾವ ಗಂಟೆಗೆ ಶುರುವಾಯಿತು, ಎಷ್ಟು ರಭಸವಾಗಿ ಬಿತ್ತು ಎಂದು ಅದು ಹೇಳುತ್ತದೆ. ನನ್ನ ಶೀಶೆ ಹೇಳಲಾರದು. ಆದರೆ ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಎಣಿಕೆಗೆ ಪೂರ್ತಿ ಸಿಗುವುದಿಲ್ಲ, ಹಾಗಾಗಿ ಜಡಿಮಳೆಯಲ್ಲಿ ಅದು ಕಡಿಮೆಯನ್ನೇ ತೋರಿಸುತ್ತದೆ. ಜೇಡ ಬಲೆ ಕಟ್ಟಿದರಂತೂ ಬಟ್ಟಲು ಅಲ್ಲಾಡುವುದೇ ಇಲ್ಲ. “ಹಳೇದು ತೆಗೆದುಬಿಡಮ್ಮಾ” ಎಂದ ಮಗನಿಗೆ, “ಮೂರು ಮಳೆಗಾಲ ಎರಡೂ ಪಕ್ಕಪಕ್ಕ ಇರಲಿ ಕಣೋ” ಎಂದೆ. ಎರಡರ ಅಂತರ ಎಷ್ಟೆಂದು ಗೊತ್ತಾಗದೆ ಒಂದನ್ನು ಕಿತ್ತರೆ, ಮಾವನವರು 1961ರಿಂದ ಬರೆದ ಸಾಲು ಅಲ್ಲಿಗೇ ತುಂಡಾಗುತ್ತದೆ. ಆಮೇಲೆ ಮಳೆ ಕಡಿಮೆಯಾಯಿತೋ ಯಂತ್ರ ಬದಲಾಯಿತೋ ಎಂದು ಯಾರು ಹೇಳಬೇಕು?

ಇವತ್ತು ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಸ್ವಯಂಚಾಲಿತ ಮಾಪಕಗಳಿವೆ. ಬೆಳೆವಿಮೆ ನಿಂತಿರುವುದು ಅವುಗಳ ಮೇಲೆ, ನಮ್ಮ ಪುಸ್ತಕದ ಮೇಲಲ್ಲ. ಆದರೂ ಅವು ಬರುವುದಕ್ಕೆ ಎಷ್ಟೋ ಮೊದಲಿನ ಮಳೆ, ಗುಡ್ಡದ ಈಚೆ ಒಂದು, ಆಚೆ ಇನ್ನೊಂದು ಬಿದ್ದ ಮಳೆ, ಇರುವುದು ಮನೆಮನೆಯ ಮಳೆ ಪುಸ್ತಕಗಳಲ್ಲಿ. ನಿಮ್ಮ ಅಟ್ಟದಲ್ಲಿ ಅಂಥದೊಂದು ಇದ್ದರೆ ಗೆದ್ದಲು ಹಿಡಿಯುವ ಮುಂಚೆ ಕೆಳಗಿಳಿಸಿ. ಒಂದೊಂದು ಪುಟದ ಫೋಟೋ ತೆಗೆದಿಡಿ. ಮಾಪಕದ ಬಾಯಿ ಎಷ್ಟಗಲ, ಎಷ್ಟು ಗಂಟೆಗೆ ನೋಡುತ್ತಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಮೊದಲ ಪುಟದಲ್ಲಿ ಬರೆಯಿರಿ.